ಚಳಿಗಾಲದಲ್ಲಿ ಬ್ರೊಮೀಲಿಯಾಡ್ ತರಿಸುವ ಮುಂಚೆ ಇದನ್ನು ಓದಿ

ಗುಜ್ಮೇನಿಯಾ, ವ್ರೀಸಿಯಾ ತರಹದ, ಅನಾನಸ್ ಕುಟುಂಬದ ಕುಂಡದ ಗಿಡಗಳಾದ ಬ್ರೊಮೀಲಿಯಾಡ್‌ಗಳನ್ನು ಚಳಿ ದಿನಗಳಲ್ಲಿ ಪಾರ್ಸೆಲ್‌ನಲ್ಲಿ ತರಿಸಬೇಡಿ. ತರಿಸಲೇಬೇಕು ಅಂತಿದ್ದರೆ, ಬಂದ ದಿನ ಗಿಡ ಚೆನ್ನಾಗಿ ಕಂಡಿತು ಅಂತ ಸುಮ್ಮನಾಗಬೇಡಿ. ಚಳಿಯಿಂದ ಆದ ಹಾನಿ ಅವತ್ತೇ ಕಾಣುವುದಿಲ್ಲ. ಅದು ಕಾಣುವ ಹೊತ್ತಿಗೆ ದೂರು ಕೊಡುವ ಅವಧಿ ಮುಗಿದಿರುತ್ತದೆ.

ನಾನು ತರಿಸಿದ್ದು ಕೆಂಪು ಗುಜ್ಮೇನಿಯಾ. ಇಷ್ಟು ಚಳಿಯಲ್ಲಿ ಕಳಿಸಿದರೆ ಏನೂ ಆಗಲ್ವಾ ಅಂತ ಮಾರುವವರನ್ನು ಮೊದಲೇ ಕೇಳಿದ್ದೆ. "ಬ್ರೊಮೀಲಿಯಾಡ್ ಗಟ್ಟಿ ಗಿಡ, ಚಳಿ ತಡೆಯುತ್ತೆ, ಯೋಚನೆ ಮಾಡ್ಬೇಡಿ" ಅಂದರು. ಪೆಟ್ಟಿಗೆ ದಾರಿಯಲ್ಲಿ ಕೆಲವು ರಾತ್ರಿ ಕಳೆದು ಬಂತು. ತೆಗೆದಾಗ ಸುತ್ತಿದ್ದ ಪೇಪರ್ ಒದ್ದೆಯಾಗಿತ್ತು. ಎಲೆಗಳು ನಡುವೆ ಸೇರಿ ಆಗುವ ಬಟ್ಟಲಿನಲ್ಲಿದ್ದ ನೀರನ್ನು ಬಸಿಯದೆ ಹಾಗೇ ಪ್ಯಾಕ್ ಮಾಡಿದ್ದರು. ಕುಂಡ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಆದರೆ ಎಲೆ ಹಸಿರಾಗಿತ್ತು, ಹೂಗೊಂಚಲು ಕೆಂಪಾಗಿ ನಿಂತಿತ್ತು. ಯಾರು ನೋಡಿದರೂ ಒಳ್ಳೆಯ ಗಿಡ ಅನ್ನುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಎಲೆಗಳ ಮೇಲೆ ನೀರು ಹೀರಿಕೊಂಡಂಥ ಮಚ್ಚೆಗಳು ಎದ್ದವು. ಬೆಳಕಿಗೆ ಹಿಡಿದರೆ ಆ ಜಾಗ ತೆಳುವಾಗಿ, ಗಾಜಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅದೇ ಮಚ್ಚೆ ಕಂದಾಗಿ ಒಣಗಿತು. ಅಷ್ಟರಲ್ಲೇ ನಿಂತಿದ್ದರೆ ಗಿಡ ಉಳಿಯುತ್ತಿತ್ತು. ಆದರೆ ನಡುವಿನ ಎಳೆ ಎಲೆಯನ್ನು ಮೆಲ್ಲಗೆ ಎಳೆದಾಗ ಅದು ಏನೂ ತಡೆಯಿಲ್ಲದೆ ಕೈಗೆ ಬಂತು. ಬುಡದ ತುದಿ ಕಂದು ಲೋಳೆಯಾಗಿತ್ತು, ಕೆಟ್ಟ ವಾಸನೆ ಬೇರೆ. ಸುಳಿ ಕೊಳೆತಿತ್ತು.

ಫೋಟೋ ಕಳಿಸಿದೆ. "ನೀವು ನೀರು ಜಾಸ್ತಿ ಹಾಕಿದ್ದೀರಿ" ಅನ್ನುವ ಉತ್ತರ ಬಂತು. ಗಿಡ ಬಂದಾಗಿನಿಂದ ಕುಂಡಕ್ಕೆ ನೀರೇ ಹಾಕಿಲ್ಲ, ಮಣ್ಣು ಇನ್ನೂ ಹಸಿಯಾಗಿದೆ ಅಂದೆ. ತಲುಪಿದ ದಿನವೇ ದೂರು ಕೊಡಬೇಕಿತ್ತು ಅಂದರು. ಅವತ್ತು ಕಾಣದೇ ಇರುವುದನ್ನು ಅವತ್ತೇ ಹೇಗೆ ಹೇಳುವುದು? ನನಗೆ ಸಿಟ್ಟು ಬಂದಿದ್ದು ಇದಕ್ಕೇ.

"ಬ್ರೊಮೀಲಿಯಾಡ್ ಚಳಿ ತಡೆಯುತ್ತೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಇದು 3000ಕ್ಕೂ ಹೆಚ್ಚು ಜಾತಿಗಳಿರುವ ಕುಟುಂಬ, ಅನಾನಸ್ ಕೂಡ ಇದರದೇ. ಆಂಡಿಸ್ ಪರ್ವತದಲ್ಲಿ 3000 ಮೀಟರ್‌ಗಿಂತ ಎತ್ತರದಲ್ಲಿ ಬೆಳೆಯುವ ಪುಯಾ ರೈಮೊಂಡಿಗೆ ರಾತ್ರಿಯ ಹೆಪ್ಪುಗಟ್ಟುವ ಚಳಿ ಹೊಸದಲ್ಲ. ಬಿಲ್‌ಬರ್ಜಿಯಾ ನ್ಯೂಟಾನ್ಸ್ ಸೊನ್ನೆ ಡಿಗ್ರಿಯ ಆಸುಪಾಸಿನ ರಾತ್ರಿಯನ್ನೂ ಸ್ವಲ್ಪ ಹೊತ್ತು ತಾಳುತ್ತದೆ. ನಿಯೊರೆಗೇಲಿಯಾಗಳಲ್ಲೂ ಕೆಲವು ಗಟ್ಟಿ. ಗುಜ್ಮೇನಿಯಾ ಹಾಗಲ್ಲ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ತೇವದ ಮಳೆಕಾಡಿನ ಗಿಡ. ಅದನ್ನು 15 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡುವುದು ಒಳ್ಳೆಯದು. 10ಕ್ಕಿಂತ ಕೆಳಗೆ ಹೋದರೆ ಪೆಟ್ಟು ಬೀಳುತ್ತದೆ. ಹೆಪ್ಪುಗಟ್ಟಲೇಬೇಕು ಅಂತೇನಿಲ್ಲ. ಕತ್ತಿಯ ಹಾಗೆ ಹೂದಂಟು ಬಿಡುವ ವ್ರೀಸಿಯಾ, ನೆಲಕ್ಕೆ ಒರಗಿ ನಕ್ಷತ್ರದಂತೆ ಹರಡುವ ಕ್ರಿಪ್ಟಾಂಥಸ್ ಕೂಡ ಇದೇ ಸಾಲಿನವು. ಬೂದಿ ಬಣ್ಣದ ಪಟ್ಟೆಯ ಎಕ್ಮಿಯಾ ಫ್ಯಾಸಿಯೇಟಾ ಇವುಗಳಿಗಿಂತ ಸ್ವಲ್ಪ ಗಟ್ಟಿ.

ಎಣ್ಣೆ ಚಳಿಗೆ ಗಟ್ಟಿಯಾಗುತ್ತದಲ್ವಾ, ಬಿಸಿ ನಾಡಿನ ಗಿಡಗಳ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿಗೂ ಹಾಗೇ ಆಗುತ್ತದೆ. ಪೊರೆ ಬಿಗಿದು ಸೋರಲು ಶುರುವಾಗುತ್ತದೆ. ಗಿಡ ಮತ್ತೆ ಬೆಚ್ಚಗಾದ ಮೇಲೆ ಒಳಗಿನ ನೀರು ಹೊರಬಂದು ಆ ಮಚ್ಚೆಗಳು ಕಾಣುತ್ತವೆ. ಹಾನಿ ತಡವಾಗಿ ಗೊತ್ತಾಗುವುದು ಅದಕ್ಕೇ. ಇಂಥ ಪೆಟ್ಟು ತಿಂದ ಸುಳಿಯಲ್ಲಿ ತಣ್ಣೀರು ನಿಂತಿದ್ದರೆ ಕೊಳೆ ತರುವ ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ದಾರಿ ತೆರೆದ ಹಾಗೆ. ಬೇಸಿಗೆಯಲ್ಲಿ ಗಿಡಕ್ಕೆ ನೀರುಣಿಸುವ ಬಟ್ಟಲೇ ಚಳಿಯಲ್ಲಿ ಅದರ ಪ್ರಾಣಕ್ಕೆ ಬರುತ್ತದೆ.

ಹಾಗಾಗಿ ಕೊಳ್ಳುವ ಮುಂಚೆ ಗಿಡದ ಪೂರ್ತಿ ಹೆಸರು ಕೇಳಿ. ಬರೀ ಬ್ರೊಮೀಲಿಯಾಡ್ ಅಂದರೆ ಒಪ್ಪಬೇಡಿ. ಬಟ್ಟಲಿನ ನೀರು ಬಸಿದು, ಮಣ್ಣು ಒಣಗಿಸಿ ಕಳಿಸಿ ಅಂತ ಬರಹದಲ್ಲಿ ಹೇಳಿ. ಬಟ್ಟಲು, ಮಣ್ಣು ಒಣಗಿರುವ ಗಿಡ ಒದ್ದೆ ಗಿಡಕ್ಕಿಂತ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ದೂರು ಕೊಡಲು ಎಷ್ಟು ದಿನ ಅಂತಲೂ ಮೊದಲೇ ಕೇಳಿ. ಒಂದೇ ದಿನ ಅಂದರೆ ಚಳಿ ಕಳೆಯುವವರೆಗೆ ಕಾಯುವುದೇ ವಾಸಿ. ಪೆಟ್ಟಿಗೆ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ. ಒದ್ದೆ ಪೇಪರ್, ಸುಳಿಯಲ್ಲಿ ನಿಂತ ನೀರು, ಎಲೆಯ ಬುಡ ಎಲ್ಲಾ ಅದರಲ್ಲಿ ಬರಲಿ.

ಅಂಗಡಿಗೆ ಹೋಗಿ ಕೊಳ್ಳುವವರೂ ಸ್ವಲ್ಪ ನೋಡಿ. ಬಾಗಿಲ ಹೊರಗೆ, ಗಾಳಿಗೆ ಒಡ್ಡಿ ಇಟ್ಟ ಗಿಡ ಬೇಡ. ನಡುವಿನ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಹಗುರವಾಗಿ ಅಲುಗಿಸಿ. ಬಿಗಿಯಾಗಿ ಕೂತಿರಬೇಕು. ಬಗ್ಗಿ ವಾಸನೆ ನೋಡಿ.

ಮನೆಗೆ ಬಂದ ಗಿಡವನ್ನು ರಾತ್ರಿ ಕಿಟಕಿಯ ಗಾಜಿಗೆ ತಾಗಿಸಿ ಇಡಬೇಡಿ. ಕೋಣೆ ಬೆಚ್ಚಗಿದ್ದರೂ ಗಾಜಿಗೆ ತಾಗಿದ ಎಲೆ ತಣ್ಣಗಾಗುತ್ತದೆ. ಬೆಚ್ಚಗಾಗಲಿ ಅಂತ ಹೀಟರ್ ಮುಂದೆಯೂ ಬೇಡ, ಎಲೆ ಸುರುಟುತ್ತದೆ. ಚಳಿ ಮುಗಿಯುವವರೆಗೆ ಗೊಬ್ಬರ ನಿಲ್ಲಿಸಿ. ಬಟ್ಟಲಲ್ಲಿ ನೀರು ಇಡುವುದಾದರೆ ಸ್ವಲ್ಪವೇ ಇರಲಿ, ಅದೂ ತಣ್ಣಗೆ ಕೊರೆಯುವ ನೀರಲ್ಲ.

ಇನ್ನೊಂದು ವಿಷಯ. ಈ ಗಿಡಗಳು ಹೂ ಬಿಟ್ಟ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಒಣಗಿ ಸಾಯುವುದು ಸಹಜ. ಮಾರುವವರು ಅದನ್ನೇ ನೆಪ ಮಾಡಿಕೊಂಡು "ಹೂ ಬಿಟ್ಟ ಗಿಡ ಸಾಯೋದೇ" ಅನ್ನಬಹುದು. ನಂಬಬೇಡಿ. ಹಾಗೆ ಸಾಯುವಾಗ ಸುಳಿ ಲೋಳೆಯಾಗುವುದಿಲ್ಲ, ನಾರುವುದಿಲ್ಲ.

ಸುಳಿ ಕೊಳೆತರೂ ಬುಡ ಒತ್ತಿದಾಗ ಗಟ್ಟಿಯಿದ್ದರೆ ಗಿಡ ಎಸೆಯಬೇಡಿ. ಕೊಳೆತದ್ದನ್ನು ತೆಗೆದು, ಬೆಚ್ಚಗಿನ ಜಾಗದಲ್ಲಿ ಮಣ್ಣು ಹೆಚ್ಚು ಒದ್ದೆಯಾಗದಂತೆ ಇಡಿ. ಪಕ್ಕದಿಂದ ಮರಿ ಗಿಡ ಬರುವ ಸಾಧ್ಯತೆ ಇದೆ. ಅದು ತಾಯಿ ಗಿಡದ ಮೂರನೇ ಒಂದು ಭಾಗದಷ್ಟಾದರೂ ಬೆಳೆಯುವವರೆಗೆ ಬಿಡಿಸಬೇಡಿ.