9000 ಲ್ಯುಮೆನ್ಸ್, 1080ಪಿ ಸಪೋರ್ಟ್ ಅಂತ ಡಬ್ಬ ನೋಡಿ ಪ್ರೊಜೆಕ್ಟರ್ ಕೊಳ್ಳಬೇಡಿ

ಪಾಠದ ಕೋಣೆಗೆಂದು ಕಡಿಮೆ ಬೆಲೆಯ ಎಲ್‌ಇಡಿ ಪ್ರೊಜೆಕ್ಟರೊಂದನ್ನು ತರಿಸಲಾಗಿತ್ತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 9000 ಲ್ಯುಮೆನ್ಸ್ (ಬೆಳಕಿನ ಅಳತೆ), 1080ಪಿ ಸಪೋರ್ಟ್, ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಎಂಬುದು) 10000:1. ಗೋಡೆಯ ಮೇಲೆ 100 ಇಂಚಿಗೆ ಬಿಟ್ಟರೆ, ಲೈಟ್ ಉರಿಯುತ್ತಿದ್ದಾಗ ಚಿತ್ರ ಇದೆಯೋ ಇಲ್ಲವೋ ಎನ್ನುವಷ್ಟು ಮಂಕು. ಲೈಟ್ ಆರಿಸಿದ ಮೇಲೆ ಚಿತ್ರವೇನೋ ಬಂತು, ಆದರೆ ಎಕ್ಸೆಲ್ ಹಾಳೆಯಲ್ಲಿ 8 ಯಾವುದು 6 ಯಾವುದು ತಿಳಿಯದು. ನಡುವಿಗೆ ಫೋಕಸ್ ಮಾಡಿದರೆ ಮೂಲೆಗಳು ಕಲಸಿಹೋಗುತ್ತವೆ. ವಾಪಸ್ ಕೇಳಿದ್ದಕ್ಕೆ ಮಾರಿದವರದು ಒಂದೇ ಮಾತು: "ಡಬ್ಬದ ಮೇಲೆ ಬರೆದದ್ದರಲ್ಲಿ ಸುಳ್ಳೇನಿದೆ ಹೇಳಿ." ಸಿಟ್ಟು ಬರುವುದು ಇಲ್ಲೇ. ಅದರಲ್ಲಿ ಬಹುಪಾಲು ಸುಳ್ಳಲ್ಲ, ಕೊಳ್ಳುವವರು ಅಂದುಕೊಂಡ ಅರ್ಥ ಮಾತ್ರ ಅದಕ್ಕಿಲ್ಲ.

ಮೊದಲು "1080ಪಿ ಸಪೋರ್ಟ್". ಇದರರ್ಥ ಯಂತ್ರ 1920×1080 ಸಿಗ್ನಲ್ ಸ್ವೀಕರಿಸುತ್ತದೆ ಅಂತ, ಅಷ್ಟೇ. ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್‌ನಲ್ಲಿ ಎಷ್ಟು ಪಿಕ್ಸೆಲ್ ಇವೆ ಅನ್ನುವುದನ್ನು ಹೇಳುವುದು ನೇಟಿವ್ ರೆಸಲ್ಯೂಶನ್. ಅಗ್ಗದ ಯಂತ್ರಗಳಲ್ಲಿ ಅದು 800×480 ಅಥವಾ 1280×720 ಇರುವುದು ಮಾಮೂಲು. 1920×1080 ಅಂದರೆ 20,73,600 ಪಿಕ್ಸೆಲ್, 800×480 ಅಂದರೆ 3,84,000. ಐದರಲ್ಲಿ ಒಂದು ಪಾಲೂ ಇಲ್ಲ. ಸಿನಿಮಾ ನೋಡುವಾಗ ಇದು ಅಷ್ಟಾಗಿ ಎದ್ದು ಕಾಣದೆ ಇರಬಹುದು, ಸಣ್ಣ ಅಕ್ಷರ ಬಂದ ಕೂಡಲೇ ಬಣ್ಣ ಬಯಲಾಗುತ್ತದೆ. "4ಕೆ ಸಪೋರ್ಟ್", "ಎಚ್‌ಡಿಆರ್ ಸಪೋರ್ಟ್" ಎಂಬುದಕ್ಕೂ ಇದೇ ಮಾತು.

ಪರೀಕ್ಷೆ ಸುಲಭ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಹೀಗೆ ಸಾಲಾಗಿ ಲಂಬ ಗೆರೆಗಳಿರುವ 1920×1080 ಚಿತ್ರವೊಂದನ್ನು ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಔಟ್‌ಪುಟ್ 1920×1080ಕ್ಕೆ ಇಡಿ, ಪ್ರೊಜೆಕ್ಟರ್‌ನಲ್ಲಿ ಕೀಸ್ಟೋನ್ (ಓರೆಯಾಗಿ ಬಿದ್ದ ಚಿತ್ರವನ್ನು ಚೌಕಕ್ಕೆ ತರುವ ಸೆಟ್ಟಿಂಗ್) ಸೊನ್ನೆ ಮಾಡಿ, ಡಿಜಿಟಲ್ ಜೂಮ್ ಮತ್ತು ಓವರ್‌ಸ್ಕ್ಯಾನ್ (ಅಂಚು ಕತ್ತರಿಸಿ ಚಿತ್ರ ಹಿಗ್ಗಿಸುವುದು) ಆಫ್ ಮಾಡಿ, ಚಿತ್ರವನ್ನು ಫುಲ್ ಸ್ಕ್ರೀನ್‌ನಲ್ಲಿ 100% ಅಳತೆಯಲ್ಲಿ ತೆರೆಯಿರಿ. ಗೋಡೆಯ ಹತ್ತಿರ ಹೋಗಿ ನಡುಭಾಗ ನೋಡಿ. ಗೆರೆಗಳು ಒಂದೊಂದಾಗಿ ಕಂಡರೆ ಪ್ಯಾನೆಲ್ ನಿಜವಾಗಿಯೂ 1080ಪಿ. ಬರೀ ಬೂದು ಬಣ್ಣವೋ, ಅಗಲವಾದ ಅಲೆಅಲೆ ಪಟ್ಟಿಗಳೋ ಕಂಡರೆ ಅಲ್ಲ. ಕೀಸ್ಟೋನ್ ಸೊನ್ನೆ ಮಾಡದೆ ನೋಡಿದರೆ ಒಳ್ಳೆ ಪ್ರೊಜೆಕ್ಟರೂ ಫೇಲ್ ಆಗುತ್ತದೆ, ಅದಕ್ಕೆ ಆ ಹೆಜ್ಜೆ ಬಿಡಬೇಡಿ.

ಈಗ ಬೆಳಕು. ನಂಬಬಹುದಾದ ಲೆಕ್ಕ ಮುಖ್ಯವಾಗಿ ಎರಡು: ಅಮೆರಿಕದ ಮಾನಕ ಸಂಸ್ಥೆಯ ಹೆಸರಿನ ಆನ್ಸಿ (ANSI) ಲ್ಯುಮೆನ್ಸ್, ಇಲ್ಲವೇ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 21118. ಆನ್ಸಿ ವಿಧಾನದಲ್ಲಿ ಪರದೆಯನ್ನು 3×3 ಭಾಗ ಮಾಡಿ, ಒಂಬತ್ತೂ ಭಾಗಗಳ ನಟ್ಟನಡುವೆ ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಲ್ಯುಮೆನ್ಸ್) ಅಳೆದು, ಸರಾಸರಿಯನ್ನು ಪರದೆಯ ಚದರ ಮೀಟರಿನಿಂದ ಗುಣಿಸುತ್ತಾರೆ. ಅಂದರೆ ಗೋಡೆಗೆ ತಲುಪಿದ ಬೆಳಕು. ಬರೀ "ಲ್ಯುಮೆನ್ಸ್", "ಎಲ್‌ಇಡಿ ಲ್ಯುಮೆನ್ಸ್", "ಲೈಟ್ ಸೋರ್ಸ್ ಲ್ಯುಮೆನ್ಸ್" ಅಂತಿದ್ದರೆ ಎಲ್ಲಿ ಅಳೆದರು, ಹೇಗೆ ಅಳೆದರು ಎಂಬುದಕ್ಕೆ ಲಗಾಮಿಲ್ಲ.

9000 ಎಂಬುದನ್ನು ಅಡಾಪ್ಟರ್ ಚೀಟಿಯಿಂದಲೇ ಒಡೆಯಬಹುದು. ಯಂತ್ರ ಎಳೆಯುವುದು 60 ವಾಟ್ ಅಂದುಕೊಳ್ಳಿ. ಒಳ್ಳೆಯ ಬಿಳಿ ಎಲ್‌ಇಡಿ ವಾಟ್‌ಗೆ ಸುಮಾರು 120 ಲ್ಯುಮೆನ್ಸ್ ಕೊಟ್ಟರೂ ಹುಟ್ಟುವುದೇ 7200. ಒಂದೇ ಎಲ್‌ಸಿಡಿ ಪ್ಯಾನೆಲ್ ಇರುವ ಅಗ್ಗದ ಯಂತ್ರದಲ್ಲಿ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ. ಉಳಿದದ್ದರಲ್ಲಿ ಕೆಂಪು-ಹಸಿರು-ನೀಲಿ ಫಿಲ್ಟರ್‌ಗಳು ಬಿಡುವುದು ಮೂರನೇ ಒಂದು ಭಾಗದಷ್ಟು. ಅಲ್ಲಿಗೇ ಆರನೇ ಒಂದಕ್ಕೆ ಇಳಿಯಿತು. ಇನ್ನು ಲೆನ್ಸಿನ ಸೋರಿಕೆ, ಪ್ಯಾನೆಲ್‌ಗೆ ತಾಗದೆ ಆಚೀಚೆ ಚೆಲ್ಲಿಹೋಗುವ ಬೆಳಕು, ಫ್ಯಾನಿಗೆ ಹೋಗುವ ವಿದ್ಯುತ್ತು. ಇಂಥ ಯಂತ್ರದಿಂದ ಗೋಡೆಗೆ ಒಂದಿನ್ನೂರು ಆನ್ಸಿ ಲ್ಯುಮೆನ್ಸ್ ಬಂದರೆ ಆಶ್ಚರ್ಯಪಡಬೇಕಿಲ್ಲ.

ಇನ್ನೂರು ಸಾಕಾಗುತ್ತದೆಯೇ? 16:9ರ, ಮೂಲೆಯಿಂದ ಮೂಲೆಗೆ 100 ಇಂಚಿನ ಪರದೆ 2.21 ಮೀಟರ್ ಅಗಲ, 1.25 ಮೀಟರ್ ಎತ್ತರ, ಸುಮಾರು 2.76 ಚದರ ಮೀಟರ್. 200 ಲ್ಯುಮೆನ್ಸ್ ಹರಡಿದರೆ 72 ಲಕ್ಸ್. ಕೋಣೆಯ ಲೈಟೇ ಪರದೆಯ ಮೇಲೆ 300 ಲಕ್ಸ್ ಸುರಿಯುತ್ತಿದ್ದರೆ, ಬಿಳಿ ಜಾಗದಲ್ಲಿ 372, "ಕಪ್ಪು" ಜಾಗದಲ್ಲಿ 300. ಕಾಂಟ್ರಾಸ್ಟ್ 1.24:1. ಡಬ್ಬದ 10000:1 ಕತ್ತಲಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆಗಳನ್ನು ಬೇರೆಬೇರೆಯಾಗಿ ಅಳೆದದ್ದಿರಬಹುದು, ಅಥವಾ ದೃಶ್ಯ ಕಪ್ಪಾದಾಗ ಬೆಳಕನ್ನೇ ತಗ್ಗಿಸುವ ಡೈನಾಮಿಕ್ ಲೆಕ್ಕವಿರಬಹುದು. ಲೈಟ್ ಉರಿಯುವ ಕೋಣೆಯಲ್ಲಿ ಆ ಅಂಕಿಗೆ ಕಿಮ್ಮತ್ತಿಲ್ಲ. ಅದೇ ಜಾಗದಲ್ಲಿ 3000 ಆನ್ಸಿ ಲ್ಯುಮೆನ್ಸ್ ಇದ್ದರೂ ಸಿಗುವುದು ಸುಮಾರು 4.6:1. ಓದಲು ಸಾಕು, ಸಿನಿಮಾಕ್ಕೆ ಸಾಲದು. ಆದ್ದರಿಂದ ಪರದೆಯ ನೇರ ಮೇಲಿರುವ ಲೈಟ್ ಒಂದನ್ನಾದರೂ ಬೇರೆ ಸ್ವಿಚ್ಚಿಗೆ ಹಾಕಿಸಿ. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಡಿಎಲ್‌ಪಿ (ಎಲ್‌ಸಿಡಿ ಬದಲು ಪುಟ್ಟ ಕನ್ನಡಿಗಳ ಚಿಪ್ ಇರುವ ಪ್ರೊಜೆಕ್ಟರ್) ತಗೊಳ್ಳುವವರಿಗೆ ಬೇರೆ ಎಚ್ಚರಿಕೆ. ಬೆಳಕಿಗೆ ಸರದಿಯಲ್ಲಿ ಬಣ್ಣ ಕೊಡುವ ತಿರುಗುವ ಚಕ್ರದಲ್ಲಿ ಬಿಳಿ ತುಂಡೂ ಇದ್ದರೆ ಬಿಳಿ ಪರದೆ ಝಗಝಗಿಸುತ್ತದೆ, ಬಣ್ಣದ ಚಿತ್ರ ಅದಕ್ಕೆ ತಕ್ಕಷ್ಟು ಬೆಳಗುವುದಿಲ್ಲ. ಬಿಳಿ ಬೆಳಕು, ಬಣ್ಣದ ಬೆಳಕು ಎರಡರ ಅಂಕಿಯನ್ನೂ ಕೇಳಿ. ಕಣ್ಣು ಹೊರಳಿಸಿದಾಗ ಕೆಲವರಿಗೆ ಕಾಮನಬಿಲ್ಲಿನ ಮಿಂಚು ಕಾಣುತ್ತದೆ, ನೋಡುವವರನ್ನೇ ಕೂರಿಸಿ ಪರೀಕ್ಷಿಸದೆ ದುಡ್ಡು ಕೊಡಬೇಡಿ.

ಥ್ರೋ ರೇಶಿಯೋ ಅಂದರೆ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು. 1.2 ಇದ್ದರೆ 2.21 ಮೀಟರ್ ಅಗಲಕ್ಕೆ ಸುಮಾರು 2.65 ಮೀಟರ್ ದೂರ ಬೇಕು. ಸ್ಟ್ಯಾಂಡ್ ಹೊಡೆಯುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಓರೆಯಾಗಿಟ್ಟು ಕೀಸ್ಟೋನ್‌ನಲ್ಲಿ ಸರಿಮಾಡುತ್ತೇವೆ ಅನ್ನುವುದು ಕೆಟ್ಟ ಅಭ್ಯಾಸ: ಅದು ಪ್ಯಾನೆಲ್‌ನ ಪಿಕ್ಸೆಲ್‌ಗಳನ್ನೇ ಕತ್ತರಿಸಿ ಚೌಕ ಮಾಡುತ್ತದೆ, ಅಕ್ಷರ ಇನ್ನಷ್ಟು ಮಬ್ಬಾಗುತ್ತದೆ, ಬೆಳಕೂ ಹೋಗುತ್ತದೆ. ಲೆನ್ಸನ್ನೇ ಸರಿಸುವ ಲೆನ್ಸ್ ಶಿಫ್ಟ್‌ನಲ್ಲಿ ಈ ನಷ್ಟವಿಲ್ಲ.

ಲ್ಯಾಂಪ್ ಲೈಫ್ ಗಂಟೆಗಳು ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಲೆಕ್ಕ, ಅದರಲ್ಲೂ ದೊಡ್ಡ ಅಂಕಿ ಬೆಳಕು ತಗ್ಗಿಸಿ ಓಡಿಸುವ ಇಕೋ ಮೋಡಿನದು.

ಹಣ ಕೊಡುವ ಮುಂಚೆ ನೇಟಿವ್ ರೆಸಲ್ಯೂಶನ್ ಮತ್ತು ಆನ್ಸಿ ಲ್ಯುಮೆನ್ಸ್ ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲೇ ಬಿಟ್ಟು ಬನ್ನಿ. ಆನ್‌ಲೈನಲ್ಲಿ ತರಿಸಿದ್ದರೆ ವಾಪಸ್ ಅವಧಿ ಮುಗಿಯುವ ಮುನ್ನ ಗೆರೆ ಪರೀಕ್ಷೆ ಮಾಡಿ, ಗೋಡೆಯ ಫೋಟೋ ತೆಗೆದಿಡಿ, ಡಬ್ಬ ಎಸೆಯಬೇಡಿ.