ಜಗಲಿಗೂ ಪ್ಯಾಸೇಜಿಗೂ ಸೀಲಿಂಗ್ ಸ್ಪಾಟ್‌ಲೈಟ್: ಮೂರು ಮಳೆಗಾಲದ ಬಳಿಕ

ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಗೆ ಮೂರು, ಒಳಗಿನ ಪ್ಯಾಸೇಜಿಗೆ ಮೂರು, ಹೀಗೆ 7 ವ್ಯಾಟ್‌ನ ಆರು ಎಲ್‌ಇಡಿ ಸ್ಪಾಟ್‌ಲೈಟ್‌ಗಳನ್ನು ಫಾಲ್ಸ್ ಸೀಲಿಂಗ್ ಒಳಗೆ ಕೂರಿಸಿ ಮೂರು ಮಳೆಗಾಲ ಕಳೆದವು. ಈಗ ಬೆಳಕು ಮನಸ್ಸಿಗೆ ಒಪ್ಪಿದೆ. ಆದರೆ ಮೊದಲ ವರ್ಷ ಹಾಗಿರಲಿಲ್ಲ, ಅದಕ್ಕೆ ದೀಪದ ಗುಣಮಟ್ಟ ಕಾರಣವೂ ಆಗಿರಲಿಲ್ಲ.

ಪ್ಯಾಸೇಜು 18 ಅಡಿ ಉದ್ದ, 4 ಅಡಿ ಅಗಲ. ಜಿಪ್ಸಮ್ ಬೋರ್ಡ್ ಹೊಡೆದ ಮೇಲೆ ಸೀಲಿಂಗ್‌ನ ಎತ್ತರ 9 ಅಡಿ. ಆರಾರು ಅಡಿಗೆ ಒಂದೊಂದು ತೂತು ಕೊರೆದು, ಅಂಗಡಿಯವರು ಕೊಟ್ಟ ದೀಪವನ್ನೇ ಹಾಕಿದೆವು. ಅದರ ಬೆಳಕು ಹರಡುವ ಕೋನ 24 ಡಿಗ್ರಿ ಎಂಬುದನ್ನು ನಾನು ಪೆಟ್ಟಿಗೆಯ ಮೇಲೆ ಓದಿಯೂ ಗಮನಿಸಲಿಲ್ಲ. 9 ಅಡಿ ಮೇಲಿನಿಂದ 24 ಡಿಗ್ರಿಯ ಬೆಳಕು ನೆಲಕ್ಕೆ ಬಿದ್ದಾಗ ಅದರ ವೃತ್ತ 4 ಅಡಿಯನ್ನೂ ಮುಟ್ಟುವುದಿಲ್ಲ. ಎರಡು ವೃತ್ತಗಳ ನಡುವೆ ಎರಡು ಅಡಿಯಷ್ಟು ಮಬ್ಬು ಪಟ್ಟೆ ಉಳಿಯಿತು, ಗೋಡೆಗಳೂ ಕತ್ತಲಲ್ಲೇ ನಿಂತವು.

ನಮಗೆ ಅದು ಅಂದವಾಗಿಯೇ ಕಂಡಿತು. ಅಪ್ಪನಿಗೆ ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಒಂದು ಸಂಜೆ ಅವರು ಬೆಳಕಿನ ಅಂಚಿಗೆ ಬಂದು ನಿಂತರು. ಗೋಡೆಗೆ ಕೈ ಊರಿ, ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ತಡವಿ ನೋಡಿದರು. "ಇಲ್ಲೊಂದು ಮೆಟ್ಟಿಲಿದೆಯೇನೋ ಅಂದುಕೊಂಡೆ ಕಣಪ್ಪಾ" ಎಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮನೆಯ ಅಂದಕ್ಕೆಂದು ಹಾಕಿಸಿದ ದೀಪ, ಅವರು ನಲವತ್ತು ವರ್ಷ ಓಡಾಡಿದ ನೆಲದಲ್ಲೇ ಅವರನ್ನು ತಡೆದು ನಿಲ್ಲಿಸಿತ್ತು.

ಹೊಸ ತೂತು ಕೊರೆಯಲಿಲ್ಲ. ಅದೇ 75 ಮಿಲಿಮೀಟರ್ ತೂತಿಗೆ ಕೂರುವ 60 ಡಿಗ್ರಿಯ ದೀಪ ತಂದು ಹಾಕಿದೆವು. ಈಗ ಒಂದೊಂದರ ವೃತ್ತವೂ ನೆಲದಲ್ಲಿ 10 ಅಡಿ ಮೀರುತ್ತದೆ, ಒಂದರ ಬೆಳಕು ಇನ್ನೊಂದರ ಮೇಲೆ ಹಾಯುತ್ತದೆ, ಗೋಡೆಗಳೂ ತಿಳಿಯಾಗಿ ಕಾಣುತ್ತವೆ. ಬೆಳಕು ಕೊಡುವ ಎಲ್‌ಇಡಿ ಚಿಪ್ ಒಳಕ್ಕೆ ಇಳಿದಿರುವ ಮಾದರಿಯನ್ನೇ ಆರಿಸಿದೆ. ತಲೆ ಎತ್ತಿದರೂ ಕಣ್ಣಿಗೆ ಚುಚ್ಚುವುದಿಲ್ಲ. ಕಿರಿದಾದ ಪ್ಯಾಸೇಜಿಗೆ ಎಷ್ಟು ವ್ಯಾಟ್ ಎಂದು ಕೇಳುವ ಮೊದಲು ಎಷ್ಟು ಡಿಗ್ರಿ ಎಂದು ಕೇಳಿ.

ಜಗಲಿಯಲ್ಲಿ ಆದ ತಪ್ಪು ಬೇರೆ. ಬಾಗಿಲಿನಿಂದ ಮೂರು ಅಡಿ ಹಿಂದೆ ದೀಪ ಹಾಕಿದ್ದರಿಂದ ಬೀಗ ತೆಗೆಯಲು ನಿಂತವರ ನೆರಳು ಬೀಗದ ಮೇಲೆಯೇ ಬೀಳುತ್ತಿತ್ತು. ನಡುವಿನ ದೀಪವನ್ನು ಬಾಗಿಲಿನಿಂದ ಒಂದೇ ಅಡಿ ದೂರಕ್ಕೆ ತಂದ ಮೇಲೆ ಬೀಗವೂ ಕಂಡಿತು, ಬಂದವರ ಮುಖವೂ ಕಂಡಿತು. ಹಳೆಯ ಮನೆಯಿಂದ ತಂದ ಬಾಗಿಲುವಾಡದ ಕೆತ್ತನೆಗೂ ಜೀವ ಬಂತು. ಬೇಲೂರಿನ ದೇವಸ್ಥಾನದೊಳಗೆ ಕಂಬಕ್ಕೆ ಪಕ್ಕದಿಂದ ಟಾರ್ಚ್ ಹಿಡಿದಾಗ ಹೂವಿನ ಎಸಳುಗಳು ಎದ್ದು ಕಾಣುತ್ತವಲ್ಲ, ಹಾಗೆ ಮೇಲಿನಿಂದ ಮರವನ್ನು ಸವರಿಕೊಂಡು ಇಳಿಯುವ ಬೆಳಕು ಇದು.

ನಮ್ಮ ಕಡೆಯ ಮಳೆಗೆ ಜಗಲಿಯ ಮೊದಲ ದೀಪಗಳು ತಡೆಯಲಿಲ್ಲ. ಎರಚಲು ಹೊಡೆದು ಗಾಜಿನ ಒಳಗೆ ಮಂಜು ಕಟ್ಟಿತು, ಸ್ಪ್ರಿಂಗ್ ತುಕ್ಕು ಹಿಡಿಯಿತು. ಈಗಿರುವುದು ಐಪಿ 65, ಅಂದರೆ ನೀರು ಚಿಮ್ಮಿದರೂ ದೂಳು ಬಿದ್ದರೂ ಒಳಗೆ ಹೋಗದ್ದು. 6500 ಕೆಲ್ವಿನ್‌ನ ನೀಲಿಬಿಳುಪಿನ ಬದಲು 3000 ಕೆಲ್ವಿನ್‌ನ ಹಳದಿ ಬೆಳಕು ಹಾಕಿದ್ದರಿಂದ ಮೊದಲ ಮಳೆಯ ಸಂಜೆ ಏಳುವ ರೆಕ್ಕೆಯ ಗೆದ್ದಲು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಹುಳುಗಳನ್ನು ಹೆಚ್ಚು ಸೆಳೆಯುವುದು ನೀಲಿ ಬೆಳಕು.

ಎರಡನೇ ಮಳೆಗಾಲದಲ್ಲಿ ಗುಡುಗು ಸಿಡಿಲಿನ ಒಂದು ರಾತ್ರಿ ಎರಡು ದೀಪ ಆರಿಹೋದವು. ಕೆಟ್ಟದ್ದು ದೀಪವಲ್ಲ, ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್. ಅದು ಬೇರೆ ಡಬ್ಬಿಯಾಗಿದ್ದುದರಿಂದ ಎಂಸಿಬಿ ಇಳಿಸಿ, ದೀಪವನ್ನು ತೂತಿನಿಂದ ಕೆಳಗೆಳೆದು, ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಬದಲಿಸಿದರು. ಡ್ರೈವರ್ ಒಳಗೇ ಸೇರಿರುವ ಅಗ್ಗದ ಮಾದರಿಯಾಗಿದ್ದರೆ ಇಡೀ ದೀಪವನ್ನೇ ಎಸೆಯಬೇಕಾಗುತ್ತಿತ್ತು. ಅದೇ ಅಳತೆಯದು ಸಿಗದಿದ್ದರೆ ಪೇಚಾಟ ಬೇರೆ: ತೂತನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡುವುದು ಕಷ್ಟ. ಒಂದೇ ಮಾದರಿಯ ಎರಡು ದೀಪಗಳನ್ನು ಹೆಚ್ಚಿಗೆ ಕೊಂಡು ಬೀರುವಿನಲ್ಲಿಟ್ಟಿದ್ದೇನೆ.

ಪ್ಯಾಸೇಜಿನ ಎರಡೂ ತುದಿಗೆ ಟೂ ವೇ ಸ್ವಿಚ್ ಇದೆ, ಅದು ಬಹಳ ಅನುಕೂಲ. ಆದರೆ ಮೂರು ದೀಪಗಳೂ ಒಂದೇ ಸ್ವಿಚ್ಚಿಗೆ ಸೇರಿವೆ. ರಾತ್ರಿ ಎರಡು ಗಂಟೆಗೆ ಅಪ್ಪ ಬಚ್ಚಲಿಗೆ ಎದ್ದಾಗ ಅಷ್ಟೂ ಬೆಳಕು ಒಮ್ಮೆಲೇ ಹೊತ್ತಿಕೊಂಡು ಅವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಸೀಲಿಂಗ್ ಮುಚ್ಚುವ ಮೊದಲೇ ನಡುವಿನ ದೀಪಕ್ಕೆ ಬೇರೆ ವೈರು ಎಳೆಸಬೇಕಿತ್ತು. ಸದ್ಯಕ್ಕೆ ಬಚ್ಚಲ ಬಾಗಿಲ ಪಕ್ಕದ ಪ್ಲಗ್ಗಿಗೆ ಅರ್ಧ ವ್ಯಾಟ್‌ನ ರಾತ್ರಿದೀಪ ಸಿಕ್ಕಿಸಿದ್ದೇವೆ. ಮಳೆ ಹಿಡಿತ ಬಿಟ್ಟ ಮೇಲೆ ಬೋರ್ಡ್ ಬಿಚ್ಚಿಸಿ ಆ ವೈರನ್ನು ಎಳೆಸುತ್ತೇನೆ.