ರಸ್ಟ್ ಕಲಿಯಲು ಐದು ಜನ, ಮೂರು ದಾರಿ

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯೋಣ ಎಂದು ನಾವು ಐದು ಜನ ಸೇರಿದೆವು. ಎಲ್ಲರೂ ದಿನವಿಡೀ ಪೈಥಾನ್, ಜಾವಾ ಬರೆಯುವವರು. ವಾರಕ್ಕೊಂದು ಸಲ, ಒಂದೂವರೆ ಗಂಟೆ ಕೂರುವುದು. ಹೇಗೆ ಕಲಿಯಬೇಕು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ ಮೂರು ದಾರಿಗಳನ್ನೂ ತಲಾ ಐದು ವಾರ ಮಾಡಿ ನೋಡಿದೆವು.

ಮೊದಲನೆಯದು, ಸರದಿಯ ಮೇಲೆ ಪಾಠ ಮಾಡುವುದು. ಪಾಠ ಮಾಡಿದವರು ಚೆನ್ನಾಗಿ ಕಲಿತರು. ಟ್ರೇಟ್ (ಬೇರೆ ಬೇರೆ ಟೈಪ್‌ಗಳಿಗೆ ಒಂದೇ ಬಗೆಯ ನಡವಳಿಕೆ ಕೊಡುವ ವ್ಯವಸ್ಥೆ) ಬಗ್ಗೆ ಹೇಳಲು ನಾನು ಮೂರು ರಾತ್ರಿ ಓದಿದ್ದೆ, ಈಗಲೂ ಅದು ಮರೆತಿಲ್ಲ. ಆದರೆ ಉಳಿದ ನಾಲ್ವರು ಸುಮ್ನೆ ಕೇಳಿಸಿಕೊಂಡು ಹೋದರು. ಸ್ಲೈಡಿನಲ್ಲಿ ಇರುವುದು ಯಾವಾಗಲೂ ಸರಿಯಾಗಿ ಓಡುವ ಕೋಡ್ ಅಲ್ವಾ? ಎಲ್ಲಿ ಎಡವುತ್ತೇವೆ ಅನ್ನುವುದು ಕಾಣುವುದೇ ಇಲ್ಲ. ಇನ್ನೊಂದು ತೊಂದರೆ, ಕೆಲಸ ಜಾಸ್ತಿಯಾಗಿ ತಯಾರಿ ಆಗದವರು ಸಂಕೋಚಪಟ್ಟು ಆ ವಾರ ಬರಲೇ ಇಲ್ಲ.

ಎರಡನೆಯದು, ರಸ್ಟ್‌ನ ಅಧಿಕೃತ ಪುಸ್ತಕವನ್ನು ಮನೆಯಲ್ಲಿ ಓದಿಕೊಂಡು ಬಂದು ಚರ್ಚೆ ಮಾಡುವುದು. ಅದು ಉಚಿತವಾಗಿ ಸಿಗುತ್ತದೆ, ಬರವಣಿಗೆಯೂ ಸೊಗಸು. ನಾಲ್ಕನೇ ಅಧ್ಯಾಯದ ಓನರ್‌ಶಿಪ್, ಅಂದರೆ ಯಾವ ಡೇಟಾಗೆ ಯಾರು ಒಡೆಯರು ಅನ್ನುವ ನಿಯಮ, ಓದುವಾಗ ಎಲ್ಲರಿಗೂ ಅರ್ಥವಾದ ಹಾಗೇ ಇತ್ತು.

ಮೂರನೆಯ ದಾರಿಗೆ ಬಂದಾಗ ಗೊತ್ತಾಯಿತು, ಅರ್ಥವಾಗಿರಲಿಲ್ಲ ಎಂದು. ಇದು ಎಲ್ಲರೂ ಸೇರಿ ಕೋಡ್ ಬರೆಯುವುದು. ಇಲ್ಲಿ ಸ್ಕ್ರೀನ್ ಒಂದೇ, ಕೀಬೋರ್ಡ್ ಒಂದೇ, ಹತ್ತು ನಿಮಿಷಕ್ಕೊಮ್ಮೆ ಕೈ ಬದಲು. ಮೊದಲ ದಿನವೇ ಒಂದು ಸ್ಟ್ರಿಂಗನ್ನು (ಅಕ್ಷರಗಳ ಸಾಲು) ಫಂಕ್ಷನ್‌ಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಅದನ್ನೇ ಪ್ರಿಂಟ್ ಮಾಡಲು ಹೋದೆವು. ಕೋಡನ್ನು ಪರೀಕ್ಷಿಸಿ ಓಡುವ ರೂಪಕ್ಕೆ ತರುವ ಕಂಪೈಲರ್ ಬಿಡಲಿಲ್ಲ. ಎರರ್ ಇ0382, ಅಂದರೆ ಒಡೆತನ ಬೇರೆ ಕಡೆ ಹೋದದ್ದನ್ನು ಮತ್ತೆ ಬಳಸಿದ್ದೀರಿ ಎಂದು. ಒಬ್ಬರು ಕ್ಲೋನ್ ಮಾಡಿ (ಪೂರ್ತಿ ಪ್ರತಿ ತೆಗೆದು ಕೊಡಿ) ಅಂದರು, ಇನ್ನೊಬ್ಬರು ರೆಫರೆನ್ಸ್ ಕೊಡಿ (ಒಡೆತನ ಬಿಡದೆ ಎರವಲು ಕೊಡಿ) ಅಂದರು. ಅಷ್ಟರಲ್ಲಿ ಮೂಲೆಯಲ್ಲಿದ್ದವರು, "ಸ್ಟ್ರಿಂಗ್ ಬದಲು ಒಂದು ಸಂಖ್ಯೆ ಕೊಟ್ಟು ನೋಡೋಣ" ಅಂದರು. ಕೊಟ್ಟೆವು. ಎರರ್ ಮಾಯ! ಯಾಕೆ? ಅರ್ಧ ಗಂಟೆ ಅದೇ ಚರ್ಚೆ. ಐ32 (32 ಬಿಟ್‌ನ ಪೂರ್ಣಾಂಕ) ತರಹದ ಸಂಖ್ಯೆ ಕಾಪಿ ಆಗುತ್ತದೆ. ಸ್ಟ್ರಿಂಗ್‌ನ ಅಕ್ಷರಗಳು ಹೀಪ್‌ನಲ್ಲಿ, ಅಂದರೆ ಪ್ರೋಗ್ರಾಂ ಓಡುವಾಗ ಬೇಕಾದಷ್ಟು ಕೇಳಿ ಪಡೆಯುವ ಮೆಮೊರಿಯಲ್ಲಿ ಇರುತ್ತವೆ, ಆ ಜಾಗವನ್ನು ಬಿಟ್ಟುಕೊಡುವ ಹೊಣೆ ಒಬ್ಬರಿಗೇ ಇರಬೇಕು. ಫಂಕ್ಷನ್‌ಗೆ ಕೊಟ್ಟ ಕೂಡಲೇ ಆ ಒಡೆತನವೂ ಅದರ ಜೊತೆ ಹೋಯಿತು. ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ನಮ್ಮ ಪ್ರಶ್ನೆಯಾಗಿ ಎದ್ದಿದ್ದು ಆ ದಿನವೇ.

ಹೊಸದಾಗಿ ಗುಂಪು ಕಟ್ಟುವವರಿಗೆ ನಾನು ಈ ಮೂರನೆಯದನ್ನೇ ಹೇಳುತ್ತೇನೆ. ನಾಲ್ಕೈದು ಜನಕ್ಕಿಂತ ಜಾಸ್ತಿ ಬೇಡ, ಕೀಬೋರ್ಡ್ ಸರದಿ ಬರುವುದೇ ಇಲ್ಲ. ನಿಧಾನ ಅನ್ನುವುದು ನಿಜ, ಪಾಠದಲ್ಲಿ ಒಂದು ಗಂಟೆಗೆ ಮುಗಿಯುವ ವಿಷಯಕ್ಕೆ ಇಲ್ಲಿ ಎರಡು ವಾರ ಬೇಕಾಗಬಹುದು. ಹಾಗಾಗಿ ಓದುವುದನ್ನು ನಾವು ಬಿಟ್ಟಿಲ್ಲ. ಎರರ್ ಬಂದ ಮೇಲೆ ಅದಕ್ಕೆ ಸಂಬಂಧಪಟ್ಟ ಭಾಗವನ್ನು ಮನೆಗೆ ಹೋಗಿ ಓದುತ್ತೇವೆ.

ಒಂದು ನಿಯಮ ಮಾತ್ರ ತಪ್ಪಿಸಬೇಡಿ. ಉತ್ತರ ಗೊತ್ತಿರುವವರು ಕೀಬೋರ್ಡ್ ಮುಟ್ಟಬಾರದು, ಬಾಯಲ್ಲಿ ಹೇಳಬೇಕು, ಗೊತ್ತಿಲ್ಲದವರು ಟೈಪ್ ಮಾಡಬೇಕು. ಇದಿಲ್ಲದೆ ಈ ದಾರಿಯ ಮೊದಲ ಎರಡು ವಾರ, ಸರದಿ ಇದ್ದರೂ, ಹೆಚ್ಚಾಗಿ ಒಬ್ಬರೇ ಬರೆದರು, ಉಳಿದವರು ನೋಡಿದರು. ನಿಯಮ ಬಂದ ಮೇಲೆ, ಪಾಠದ ವಾರಗಳಲ್ಲಿ ತಪ್ಪಿಸಿಕೊಂಡಿದ್ದ ಗೆಳೆಯರು ಒಂದು ವಾರವೂ ಬಿಡದೆ ಬರುತ್ತಿದ್ದಾರೆ.